ಅಪಕೀರ್ತಿಯ ಜಮಾಖರ್ಚು

ಗ್ರಾಮೋಫೋನು ಶ್ರೀಮಂತರ ಪಡಸಾಲೆಯ ಅಲಂಕಾರವಾಗಿದ್ದ ದಿನಗಳಿಂದ ಮೊದಲ್ಗೊಂಡು, ಅದು ಮದುವೆಯ ಚಪ್ಪರಕ್ಕೆ ಬಾಡಿಗೆಗೆ ಬರುವ ಸರಕಾಗಿ ಇಳಿಯುವವರೆಗೂ, ತಿರುಗುವ ಕಪ್ಪು ತಟ್ಟೆಯ ನಡುವೆ ಕಹಳೆಯ ಬಾಯಿಗೆ ಕಿವಿಗೊಟ್ಟು ಕುಳಿತ ನಾಯಿಯ ಮುದ್ರೆಯನ್ನು ಕಾಣದೆ ಬೆಳೆದ ಪಟ್ಟಣಿಗರು ನಮ್ಮಲ್ಲಿ ವಿರಳ. ಆ ಮುದ್ರೆಯ ಒಡೆಯರಾದ ಗ್ರಾಮೋಫೋನ್ ಕಂಪೆನಿಯವರು 1931ರಲ್ಲಿ ಕೊಲಂಬಿಯಾ ಕಂಪೆನಿಯೊಡನೆ ಒಂದಾಗಿ ಇ.ಎಂ.ಐ. ಎಂಬ ಹೊಸ ಹೆಸರನ್ನು ತಳೆದರು. ನಮ್ಮ ದೇಶದ ತಟ್ಟೆಗಳು ಕಲ್ಕತ್ತೆಯ ಡಂಡಂನಲ್ಲಿ ಅಚ್ಚಾಗುತ್ತಿದ್ದರೆ, ಮೂಲಸಂಸ್ಥೆಯ ಕಾರ್ಖಾನೆ ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಹೇಯ್ಸ್ ಎಂಬಲ್ಲಿದ್ದಿತು. 1976ರ ಡಿಸೆಂಬರ್ ತಿಂಗಳ ಮೊದಲಲ್ಲಿ ಆ ಕಾರ್ಖಾನೆಯ ಹೆಂಗಸರು, ತಟ್ಟೆಗಳನ್ನು ಲಕೋಟೆಗೆ ಸೇರಿಸಿ ಕಟ್ಟು ಕಟ್ಟುವುದೇ ತಮ್ಮ ಕಸುಬಾಗಿದ್ದರೂ, ಒಂದು ತಟ್ಟೆಯನ್ನು ಮಾತ್ರ ಮುಟ್ಟೆವೆಂದು ಕೈಕಟ್ಟಿ ನಿಂತರು. ಅದನ್ನು ಹಾಡಿದವರು ಸೆಕ್ಸ್ ಪಿಸ್ಟಲ್ಸ್ ಎಂಬ ಹೆಸರಿನ, ಇಪ್ಪತ್ತರ ಆಸುಪಾಸಿನ ನಾಲ್ವರು ಹುಡುಗರು. ಹಾಡಿನ ಹೆಸರು ‘ಅನಾರ್ಕಿ ಇನ್ ದಿ ಯು.ಕೆ.’, ಹೆಂಗಸರ ಕೋಪಕ್ಕೆ ಕಾರಣವಾದುದು ಆ ಹಾಡಿಗಿಂತ ಹೆಚ್ಚಾಗಿ, ಅದರ ಹಾಡುಗಾರರು ಕೆಲವೇ ದಿನಗಳ ಹಿಂದೆ ಟೆಲಿವಿಷನ್ನಿನಲ್ಲಿ ಆಡಿದ ಮಾತು.

ರಾಕ್ ಸಂಗೀತದ ತಂಡವೊಂದು ವೇಷದಿಂದಲೂ ಮಾತಿನಿಂದಲೂ ನಡತೆಯಿಂದಲೂ ಸಭ್ಯರನ್ನು ಕೆಣಕುವುದನ್ನೇ ತನ್ನ ಗುರುತಾಗಿ ಮಾಡಿಕೊಂಡರೆ, ಅದರ ವ್ಯಾಪಾರಕ್ಕೆ ಅದರಿಂದ ಕೇಡೋ ಒಳಿತೋ ಎಂಬುದು ಆ ಸಂಗೀತದಷ್ಟೇ ಹಳೆಯ ಪ್ರಶ್ನೆ. ಇದಕ್ಕೆ ಸಿದ್ಧವಾಗಿರುವ ಉತ್ತರಗಳು ಎರಡು. ಮರ್ಯಾದಸ್ಥರು, ಕೆಟ್ಟ ಹೆಸರು ಬಂದವನ ಅಂಗಡಿಗೆ ಗಿರಾಕಿ ಬಾರನೆನ್ನುತ್ತಾರೆ. ಚತುರರು, ಹೆಸರು ಕೆಟ್ಟರೂ ಹೆಸರೇ, ಪತ್ರಿಕೆಯ ಮೊದಲ ಪುಟದಲ್ಲಿ ಬೈಗುಳಕ್ಕೆ ಸಿಕ್ಕುವ ಜಾಗವನ್ನು ಹಣ ಕೊಟ್ಟು ಕೊಳ್ಳಲಾದೀತೆ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಎರಡು ಉತ್ತರಗಳಲ್ಲಿಯೂ ಒಂದೇ ದೋಷವಿದೆ: ವ್ಯಾಪಾರವೆಂಬುದನ್ನು ಇಬ್ಬರೂ ಏಕವಸ್ತುವೆಂದು ಭಾವಿಸಿದ್ದಾರೆ. ಹಾಡುಗಾರನ ಗಳಿಕೆಯಲ್ಲಿ ಒಂದು ಭಾಗ, ಗಿರಾಕಿ ಯಾರನ್ನೂ ಕೇಳದೆ ಅಂಗಡಿಗೆ ಹೋಗಿ ಕೊಂಡು, ಕೋಣೆಯ ಬಾಗಿಲು ಮುಚ್ಚಿಕೊಂಡು ಕೇಳುವ ತಟ್ಟೆಯಿಂದ ಬರುವುದು. ಇನ್ನೊಂದು ಭಾಗ, ಸಭಾಂಗಣ, ಪುರಸಭೆ, ಪೊಲೀಸು, ಆಕಾಶವಾಣಿ ಎಂಬ ನಾಲ್ಕಾರು ಹೆಬ್ಬಾಗಿಲುಗಳನ್ನು ದಾಟಿ ಬರಬೇಕಾದುದು. ಅಪಕೀರ್ತಿ ಈ ಎರಡರ ಮೇಲೂ ಒಂದೇ ಬಗೆಯಾಗಿ ಕೆಲಸ ಮಾಡುವುದಿಲ್ಲ. ಇದರ ಮೇಲೆ, ಲಾಭನಷ್ಟಗಳನ್ನು ಯಾರ ಹೆಸರಿಗೆ ಬರೆಯಬೇಕೆಂಬ ಪ್ರಶ್ನೆಯೂ ಉಂಟು.

ಪಿಸ್ಟಲ್ಸ್ ಹುಡುಗರಿಗೆ ಮುಂಚೆ ಈ ಹಾದಿಯನ್ನು ತುಳಿದವರು ಇಲ್ಲದಿರಲಿಲ್ಲ. 1964ರ ಸುಮಾರಿಗೆ ರೋಲಿಂಗ್ ಸ್ಟೋನ್ಸ್ ತಂಡದ ವ್ಯವಸ್ಥಾಪಕನಾಗಿದ್ದ ಆಂಡ್ರೂ ಲೂಗ್ ಓಲ್ಡಮ್ ಎಂಬ ತರುಣ, ಬೀಟಲ್ಸ್ ತಂಡದವರು ಒಪ್ಪವಾದ ಸೂಟು ತೊಟ್ಟು ತಾಯಂದಿರ ಪ್ರೀತಿಯನ್ನು ಸಂಪಾದಿಸಿದ್ದುದನ್ನು ಕಂಡು, ತನ್ನವರು ತಾಯಂದಿರ ದ್ವೇಷವನ್ನೇ ಸಂಪಾದಿಸಲೆಂದು ನಿಶ್ಚಯಿಸಿದನು. ಇಂಥವರಿಗೆ ನಿಮ್ಮ ಮಗಳನ್ನು ಕೊಡುವಿರಾ ಎಂಬ ಅರ್ಥದ ತಲೆಬರಹ ಪತ್ರಿಕೆಯಲ್ಲಿ ಬಂದಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಬಂದ ಅವರ ಮೊದಲ ದೊಡ್ಡ ತಟ್ಟೆ ಹನ್ನೆರಡು ವಾರ ಇಂಗ್ಲೆಂಡಿನ ಮಾರಾಟದ ಪಟ್ಟಿಯ ತುದಿಯಲ್ಲಿ ನಿಂತಿತು. (ಆ ತಂಡದವರೇ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು, ಅಷ್ಟು ಹೊತ್ತಿಗೆ ಮಿಕ್ ಜ್ಯಾಗರನಿಗೆ ನೈಟ್ ಪದವಿ ಘೋಷಣೆಯಾಗಿ ಒಂದು ವರ್ಷ ಸಮೀಪಿಸಿತ್ತು.) ಇತ್ತ ಸಭ್ಯರೆನಿಸಿಕೊಂಡಿದ್ದ ಬೀಟಲ್ಸ್ ತಂಡಕ್ಕೇ ಅಪಕೀರ್ತಿ ಆಕಸ್ಮಿಕವಾಗಿ ಬಂದೊದಗಿತು. ಜಾನ್ ಲೆನನ್ 1966ರ ಮಾರ್ಚಿನಲ್ಲಿ, ತಮ್ಮ ತಂಡ ಯೇಸುವಿಗಿಂತ ಜನಪ್ರಿಯವಾಗಿದೆಯೆಂಬ ಅರ್ಥದ ಮಾತನ್ನು ಲಂಡನ್ನಿನ ಪತ್ರಿಕೆಯೊಂದಕ್ಕೆ ಹೇಳಿದ್ದುಂಟು. ಸ್ವದೇಶದಲ್ಲಿ ಅದನ್ನು ಕೇಳಿದವರು ಹುಬ್ಬೇರಿಸಲಿಲ್ಲ. ಅದೇ ಮಾತು ಜುಲೈ ಕೊನೆಗೆ ಅಮೆರಿಕದ ಪತ್ರಿಕೆಯಲ್ಲಿ ಮತ್ತೆ ಅಚ್ಚಾದೊಡನೆ, ದಕ್ಷಿಣ ಸೀಮೆಯ ರೇಡಿಯೋ ನಿಲಯಗಳು ಆ ತಂಡದ ಹಾಡುಗಳನ್ನು ನಿಷೇಧಿಸಿದುವು. ತಟ್ಟೆಗಳನ್ನು ರಾಶಿಹಾಕಿ ಸುಟ್ಟರು. ಲೆನನ್ ಷಿಕಾಗೋ ನಗರದಲ್ಲಿ ಪತ್ರಕರ್ತರ ಮುಂದೆ ಕುಳಿತು ವಿವರಣೆ ಕೊಡಬೇಕಾಯಿತು. ಇದರ ವ್ಯಾಪಾರಫಲವೇನು? ನ್ಯೂಯಾರ್ಕಿನ ಷೇ ಕ್ರೀಡಾಂಗಣ ಹಿಂದಿನ ವರ್ಷ ತುಂಬಿ ತುಳುಕಿತ್ತು, ಆ ವರ್ಷ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಸನಗಳು ಮಾರಾಟವಾಗದೆ ಉಳಿದುವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ‘ರಿವಾಲ್ವರ್’ ತಟ್ಟೆ ಅಮೆರಿಕದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನವನ್ನು ಬಿಡಲಿಲ್ಲ. ಸುಡಲು ತಟ್ಟೆ ಬೇಕಾದರೆ ಮೊದಲು ಕೊಳ್ಳಬೇಕಷ್ಟೆ ಎಂದು ತಂಡದವರು ನಗುತ್ತಿದ್ದರಂತೆ. ಆ ತಿಂಗಳ 29ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಕಚೇರಿಯೇ ಅವರು ಹಣಕ್ಕೆ ಹಾಡಿದ ಕೊನೆಯ ಕಚೇರಿಯಾಯಿತು. ವೇದಿಕೆ ಹೋಯಿತು, ತಟ್ಟೆ ಉಳಿಯಿತು. ಹತ್ತು ವರ್ಷಗಳ ತರುವಾಯ ನಡೆಯಲಿದ್ದ ಕಥೆಯ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿತ್ತು.

ಲಂಡನ್ನಿನ ಚೆಲ್ಸೀ ಪ್ರದೇಶದಲ್ಲಿ ಕಿಂಗ್ಸ್ ರೋಡ್ ಎಂಬ ಬೀದಿಯಿದೆ. ಅದರ 430ನೆಯ ಸಂಖ್ಯೆಯ ಸಣ್ಣ ಅಂಗಡಿಯಲ್ಲಿ ಮಾಲ್ಕಮ್ ಮ್ಯಾಕ್ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಎಂಬಿಬ್ಬರು 1971ರಿಂದ ಬಟ್ಟೆ ಮಾರುತ್ತಿದ್ದರು. ಅಂಗಡಿಯ ಹೆಸರು ಒಂದೆರಡು ವರ್ಷಗಳಿಗೊಮ್ಮೆ ಬದಲಾಗುತ್ತಿತ್ತು. 1974ರಲ್ಲಿ ಅದಕ್ಕೆ ‘ಸೆಕ್ಸ್’ ಎಂದು ಹೆಸರಿಟ್ಟು, ಆ ಮೂರಕ್ಷರಗಳನ್ನು ದೊಡ್ಡ ಗುಲಾಬಿ ಬಣ್ಣದ ಫಲಕವಾಗಿ ಬಾಗಿಲ ಮೇಲೆ ಏರಿಸಿದ್ದರು. ರಬ್ಬರಿನ ಉಡುಪು, ಹರಿದು ಪಿನ್ನು ಚುಚ್ಚಿದ ಅಂಗಿ, ನೋಡಿದವರು ಮುಖ ತಿರುಗಿಸುವಂಥ ಚಿತ್ರಗಳನ್ನು ಅಚ್ಚುಹಾಕಿದ ಬನಿಯನು — ಇವು ಅಲ್ಲಿಯ ಸರಕು. ಆ ಅಂಗಡಿಗೆ ಸುಮ್ಮನೆ ಬಂದು ಕೂಡುತ್ತಿದ್ದ ಸ್ಟೀವ್ ಜೋನ್ಸ್, ಪಾಲ್ ಕುಕ್ ಎಂಬ ಹುಡುಗರಿಗೂ, ಶನಿವಾರಗಳಲ್ಲಿ ಅಲ್ಲಿ ಕೆಲಸಕ್ಕಿದ್ದ ಗ್ಲೆನ್ ಮ್ಯಾಟ್ಲಾಕನಿಗೂ ಒಬ್ಬ ಹಾಡುಗಾರ ಬೇಕಾಗಿದ್ದನು. 1975ರ ಆಗಸ್ಟಿನಲ್ಲಿ, ಹಸಿರು ಬಣ್ಣದ ಕೂದಲಿನ, ಕೆಟ್ಟ ಹಲ್ಲಿನ, ಐರಿಷ್ ಕೂಲಿಕಾರರ ಕೇರಿಯಿಂದ ಬಂದ ಜಾನ್ ಲೈಡನ್ ಎಂಬವನನ್ನು ಹಿಡಿದು ತಂದು, ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಆಲಿಸ್ ಕೂಪರನ ಹಾಡೊಂದಕ್ಕೆ ಬಾಯಾಡಿಸಿ ಕುಣಿಯುವಂತೆ ಹೇಳಿದರು. ಅವನು ಕುಣಿದ ರೀತಿಯನ್ನು ಕಂಡವರು ನಕ್ಕರು, ಮ್ಯಾಕ್ಲಾರೆನ್ ಒಪ್ಪಿದನು. ತಂಡದ ಹೆಸರಿನ ಅರ್ಧಭಾಗ ಅಂಗಡಿಯ ಜಾಹೀರಾತೇ ಆಗಿದ್ದುದನ್ನು ಇಲ್ಲಿ ಮರೆಯಬಾರದು. ಹುಡುಗರಿಗೆ ಅದು ಹಾಡು. ತಂಡದ ವ್ಯವಸ್ಥಾಪಕನೂ ಆದ ಯಜಮಾನನಿಗೆ ಅದು ಬಟ್ಟೆಯಂಗಡಿಯ ವಿಸ್ತರಣೆ.

ಇ.ಎಂ.ಐ. ಸಂಸ್ಥೆಯವರು 1976ರ ಅಕ್ಟೋಬರ್ 8ರಂದು 40,000 ಪೌಂಡುಗಳ ಮುಂಗಡ ಕೊಟ್ಟು ಈ ತಂಡದೊಡನೆ ಕರಾರು ಮಾಡಿಕೊಂಡರು. ಹೆಸರು ಗೊತ್ತಿದ್ದೇ, ವೇಷ ನೋಡಿಯೇ ಮಾಡಿಕೊಂಡ ಕರಾರು ಅದು. ಕೆಣಕುವ ಗುಣವೇ ಬೇಕೆಂದು ಬೆಲೆ ಕೊಟ್ಟವರು ಅದೇ ಗುಣಕ್ಕೆ ಬೆಚ್ಚಿಬೀಳಲು ಎಂಟು ವಾರ ಸಾಕಾಯಿತು. ಡಿಸೆಂಬರ್ 1ರ ಸಂಜೆ, ಥೇಮ್ಸ್ ಟೆಲಿವಿಷನ್ನಿನ ‘ಟುಡೇ’ ಎಂಬ ಕಾರ್ಯಕ್ರಮಕ್ಕೆ ಬರಬೇಕಾಗಿದ್ದ ಕ್ವೀನ್ ತಂಡದವರು ಬರಲಾಗದೆಹೋದುದರಿಂದ — ಪಂಚಗಣಿಯ ಶಾಲೆಯಲ್ಲಿ ಓದಿ ಬೆಳೆದ ಫ್ರೆಡ್ಡಿ ಮರ್ಕ್ಯುರಿಗೆ ಆ ದಿನ ಹಲ್ಲಿನ ವೈದ್ಯರಲ್ಲಿಗೆ ಹೋಗಬೇಕಾಗಿತ್ತೆಂದು ಹೇಳುತ್ತಾರೆ — ಆ ತೆರಪನ್ನು ತುಂಬಲು ಇ.ಎಂ.ಐ.ಯವರೇ ಪಿಸ್ಟಲ್ಸ್ ಹುಡುಗರನ್ನು ಕಳುಹಿಸಿದರು. ಸಂದರ್ಶಕ ಬಿಲ್ ಗ್ರಂಡಿ ಎಂಬ ನಡುವಯಸ್ಸಿನವರು ಆರಂಭದಿಂದಲೇ ತಿರಸ್ಕಾರವನ್ನು ಮುಚ್ಚಿಡಲಿಲ್ಲ. ಹುಡುಗರ ಹಿಂದೆ ನಿಂತಿದ್ದ ಒಬ್ಬ ಯುವತಿಯೊಡನೆ ಸರಸದ ಮಾತಾಡಿದರು. ಜೋನ್ಸ್ ಅದಕ್ಕೆ ಮೂದಲಿಕೆಯ ಉತ್ತರ ಕೊಟ್ಟಾಗ, ಇನ್ನೇನಾದರೂ ಕೆಟ್ಟ ಮಾತಿದ್ದರೆ ಆಡೆಂದು ತಾವೇ ಪ್ರಚೋದಿಸಿದರು. ಅವನು ಆಡಿದನು. ಜನರು ಚಹಾ ಕುಡಿಯುತ್ತ ಕುಳಿತಿದ್ದ ಹೊತ್ತಿನಲ್ಲಿ, ನೇರಪ್ರಸಾರದಲ್ಲಿ, ಆವರೆಗೆ ಆ ಮಾಧ್ಯಮದಲ್ಲಿ ಅತ್ಯಂತ ವಿರಳವಾಗಿ ಕೇಳಿಸಿದ್ದ ಮಾತುಗಳು ಒಂದರ ಮೇಲೊಂದು ಬಂದುವು. ಕಾರ್ಯಕ್ರಮ ಕಾಣಿಸಿದ್ದುದು ಲಂಡನ್ ಸೀಮೆಗೆ ಮಾತ್ರ. ಅದನ್ನು ಇಡೀ ದೇಶಕ್ಕೆ ಮುಟ್ಟಿಸಿದ ಪುಣ್ಯ ಮಾರನೆಯ ಬೆಳಗಿನ ಪತ್ರಿಕೆಗಳದು. ಒಬ್ಬ ಲಾರಿ ಚಾಲಕ ಕೋಪ ತಾಳಲಾರದೆ ತನ್ನ ಮನೆಯ ಟೆಲಿವಿಷನ್ ಪೆಟ್ಟಿಗೆಯನ್ನು ಕಾಲಿನಿಂದ ಒದ್ದು ಒಡೆದನೆಂಬ ಸುದ್ದಿಯನ್ನು ‘ಡೈಲಿ ಮಿರರ್’ ಸಂಭ್ರಮದಿಂದ ಅಚ್ಚುಮಾಡಿತು. ಗ್ರಂಡಿಯವರನ್ನು ಎರಡು ವಾರ ಕೆಲಸದಿಂದ ದೂರವಿರಿಸಲಾಯಿತು.

ಇದೆಲ್ಲ ತನ್ನ ತಂತ್ರವೇ ಆಗಿತ್ತೆಂದು ಮ್ಯಾಕ್ಲಾರೆನ್ ಮುಂದೆ ಹಲವು ಸಲ ಸಾರಿದನು. ಅದನ್ನು ನಂಬಲು ನನಗೆ ಮನಸ್ಸಿಲ್ಲ. ಸ್ಟುಡಿಯೋದಿಂದ ಹೊರಬರುವಾಗ ಅವನ ಮುಖ ಬಿಳಿಚಿಕೊಂಡಿತ್ತೆಂದು ಜೊತೆಗಿದ್ದವರು ಹೇಳಿದ್ದಾರೆ. ಕೆಲವರಲ್ಲಿ ಆಕಸ್ಮಿಕವನ್ನು ಮಾರನೆಯ ದಿನ ಉಪಾಯವೆಂದು ಬದಲಾಯಿಸಿ ಬರೆದುಕೊಳ್ಳುವ ಒಂದು ವ್ಯಾಪಾರಪ್ರತಿಭೆಯಿರುತ್ತದೆ. ಮ್ಯಾಕ್ಲಾರೆನನಿಗೆ ಅದು ಯಥೇಚ್ಛವಾಗಿದ್ದಿತು.

ಪರಿಣಾಮ ಮೊದಲು ಬಡಿದದ್ದು ವೇದಿಕೆಗೆ. ಆ ತಿಂಗಳು ತಂಡದವರು ಕ್ಲ್ಯಾಷ್, ಡ್ಯಾಮ್ಡ್ ಮೊದಲಾದ ಸಂಗಡಿಗ ತಂಡಗಳನ್ನು ಕಟ್ಟಿಕೊಂಡು ದೇಶದ ಸುಮಾರು ಇಪ್ಪತ್ತು ಕಡೆ ಕಚೇರಿ ಮಾಡುವ ಏರ್ಪಾಡಾಗಿತ್ತು, ನಡೆದದ್ದು ಏಳೆಂಟು. ಉಳಿದ ಊರುಗಳಲ್ಲಿ ಪುರಸಭೆಯವರೋ ವಿಶ್ವವಿದ್ಯಾನಿಲಯದ ಅಧಿಕಾರಿಗಳೋ ಸಭಾಂಗಣದ ಮಾಲೀಕರೋ ಬಾಗಿಲು ಮುಚ್ಚಿದರು. ಬಸ್ಸು ಮಾತ್ರ ಕಚೇರಿಯಿಲ್ಲದ ಊರಿನಿಂದ ಕಚೇರಿಯಿಲ್ಲದ ಊರಿಗೆ ಓಡುತ್ತಲೇ ಇತ್ತು. ಹೋಟೆಲಿನ ಬಾಡಿಗೆ, ಊಟದ ಖರ್ಚು ಏರುತ್ತಲೇ ಇತ್ತು. ಡಾರ್ಬಿ ಪಟ್ಟಣದಲ್ಲಿ ನಡೆದುದು ನಮ್ಮ ನಗರಸಭೆಗಳ ಗಾಂಭೀರ್ಯವನ್ನು ಬಲ್ಲವರಿಗೆ ಹೊಸತೆನಿಸದು: ಸಾರ್ವಜನಿಕರಿಗೆ ಕೇಳಿಸುವ ಮುನ್ನ ತಮಗೊಮ್ಮೆ ಪ್ರತ್ಯೇಕವಾಗಿ ಹಾಡಿ ತೋರಿಸಬೇಕೆಂದೂ, ಅಶ್ಲೀಲವೋ ಅಲ್ಲವೋ ಎಂಬುದನ್ನು ತಾವು ತೀರ್ಮಾನಿಸುವೆವೆಂದೂ ಅಲ್ಲಿಯ ಸದಸ್ಯರು ನಿರ್ಣಯಮಾಡಿ, ನಿಗದಿಯಾದ ಹೊತ್ತಿಗೆ ಸಭಾಂಗಣಕ್ಕೆ ಬಂದು ಸಾಲಾಗಿ ಕುಳಿತರು. ಹುಡುಗರು ಹೋಟೆಲನ್ನು ಬಿಟ್ಟು ಕದಲಲಿಲ್ಲ. ಬರಿಯ ವೇದಿಕೆಯನ್ನು ನೋಡಿ ಸಾಕಾದ ಸದಸ್ಯರು ಎದ್ದು ಹೊರಗೆ ಬಂದು, ಕಚೇರಿ ರದ್ದಾಯಿತೆಂದು ಪತ್ರಕರ್ತರಿಗೆ ತಿಳಿಸಿದರು. ವೇಲ್ಸಿನ ಕೇರ್ಫಿಲಿಯಲ್ಲಿ ಡಿಸೆಂಬರ್ 14ರಂದು ಒಂದು ಚಿತ್ರಮಂದಿರ ದೊರಕಿತು. ಆದರೆ ಒಳಗೆ ಪಿಸ್ಟಲ್ಸ್ ಹಾಡುತ್ತಿರುವಾಗ, ಹೊರಗೆ ಕೊರೆಯುವ ಚಳಿಯಲ್ಲಿ, ಪಾದ್ರಿಗಳ ಮುಂದಾಳುತನದಲ್ಲಿ ನೆರೆದ ಊರವರು ಕ್ರಿಸ್ಮಸ್ ಕೀರ್ತನೆಗಳನ್ನು ಹಾಡುತ್ತ ನಿಂತಿದ್ದರು. ಒಳಗಿನ ಶ್ರೋತೃಗಳಿಗಿಂತ ಹೊರಗಿನ ಗಾಯಕರ ಸಂಖ್ಯೆಯೇ ಹೆಚ್ಚಾಗಿತ್ತೆಂದು ಕಂಡವರು ಹೇಳುತ್ತಾರೆ.

ತಟ್ಟೆಯ ಗತಿ ಇದಕ್ಕಿಂತ ಸ್ವಲ್ಪ ಮೇಲು. ‘ಅನಾರ್ಕಿ’ ಪಟ್ಟಿಯಲ್ಲಿ 38ನೆಯ ಸ್ಥಾನಕ್ಕೇರಿತು. ಇನ್ನೂ ಮೇಲೇರುತ್ತಿತ್ತೋ ಏನೋ, 1977ರ ಜನವರಿ 6ರಂದು ಇ.ಎಂ.ಐ.ಯವರು ಕರಾರನ್ನೇ ಕಡಿದು, ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳದೆ, ತಟ್ಟೆಯನ್ನು ಮಾರಾಟದಿಂದ ತೆಗೆದರು. ಮಾರಾಟವಾಗುತ್ತಿದ್ದ ಸರಕನ್ನು ವ್ಯಾಪಾರಿ ಕೈಬಿಟ್ಟದ್ದೇಕೆ ಎಂಬುದು ವಿಚಾರಾರ್ಹ. ಇ.ಎಂ.ಐ. ಆ ವೇಳೆಗೆ ಬರಿಯ ಹಾಡಿನಂಗಡಿಯಾಗಿ ಉಳಿದಿರಲಿಲ್ಲ. ರಕ್ಷಣಾ ಇಲಾಖೆಗೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ಒದಗಿಸುತ್ತಿದ್ದುದಲ್ಲದೆ, ತಲೆಬುರುಡೆಯೊಳಗಿನ ಮಿದುಳನ್ನು ಪದರ ಪದರವಾಗಿ ಚಿತ್ರಿಸುವ ಸ್ಕ್ಯಾನರ್ ಯಂತ್ರ ಅದರ ಪ್ರಯೋಗಶಾಲೆಯಲ್ಲಿಯೇ ಹುಟ್ಟಿತು; ಅದನ್ನು ನಿರ್ಮಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದ ಆಸ್ಪತ್ರೆಗಳಿಗೆ ಇಂಥ ಯಂತ್ರಗಳನ್ನು ಮಾರುತ್ತಿದ್ದ ಸಂಸ್ಥೆಯ ಅಧ್ಯಕ್ಷ ಸರ್ ಜಾನ್ ರೀಡರು ಡಿಸೆಂಬರ್ 7ರ ವಾರ್ಷಿಕ ಸಭೆಯಲ್ಲಿ ಷೇರುದಾರರ ಮುಂದೆ ನಿಂತು, ಒಂದು ಹಾಡಿನ ತಂಡದ ನಡತೆಯ ಬಗ್ಗೆ ಸಮಜಾಯಿಷಿ ಹೇಳಬೇಕಾಗಿ ಬಂತು. ಪಿಸ್ಟಲ್ಸ್ ತಂಡದಿಂದ ಆ ಸಂಸ್ಥೆಗೆ ಎಷ್ಟೇ ಲಾಭ ಬಂದಿದ್ದರೂ ಅದು ಅದರ ಒಟ್ಟು ವಹಿವಾಟಿನಲ್ಲಿ ಗಣನೆಗೆ ಬಾರದ ಮೊತ್ತ. ನಷ್ಟವಾಗಬಹುದಾಗಿದ್ದ ಮರ್ಯಾದೆಯಾದರೋ ಇಡೀ ಸಂಸ್ಥೆಯದು. ಅಪಕೀರ್ತಿಯ ಬೆಲೆ ಅದನ್ನು ಮಾರುವವನ ಬಳಿ ಬೇರೆ ಏನೇನು ಸರಕಿದೆ ಎಂಬುದನ್ನು ಅವಲಂಬಿಸಿರುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಎ ಆ್ಯಂಡ್ ಎಂ ಎಂಬ ಅಮೆರಿಕನ್ ಸಂಸ್ಥೆಯ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು, ಏಕೆಂದರೆ ಅದು ಬೇಗನೆ ಮುಗಿಯಿತು. 1977ರ ಮಾರ್ಚ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಮೇಜು ಹಾಕಿ, ಛಾಯಾಗ್ರಾಹಕರ ಸಮ್ಮುಖದಲ್ಲಿ ಸಹಿಯ ಪ್ರದರ್ಶನ ನಡೆಯಿತು. 16ರಂದು ಕರಾರು ರದ್ದಾಯಿತು. ನಡುವಣ ದಿನಗಳಲ್ಲಿ ಹುಡುಗರು ಸಂಸ್ಥೆಯ ಕಚೇರಿಯಲ್ಲಿಯೂ ಹೊರಗೂ ಮಾಡಿದ ರಂಪವನ್ನು ವರ್ಣಿಸುವುದರಿಂದ ಪ್ರಯೋಜನವಿಲ್ಲ. ಅಚ್ಚಾಗಿದ್ದ 25,000 ತಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಾಶಪಡಿಸಿದರು. ಹೇಗೋ ಉಳಿದುಕೊಂಡ ಬೆರಳೆಣಿಕೆಯ ಪ್ರತಿಗಳು ಈಗ ಹರಾಜಿಗೆ ಬಂದರೆ ಹತ್ತು ಸಾವಿರ ಪೌಂಡುಗಳನ್ನು ಮೀರುವುದುಂಟು. ತಂಡಕ್ಕೆ ಈ ಆರು ದಿನಗಳಿಂದ ದಕ್ಕಿದ್ದು 75,000 ಪೌಂಡು. ಹಾಡದೆ ಪಡೆದ ಹಣ ಹಾಡಿ ಪಡೆದುದಕ್ಕಿಂತ ಹೆಚ್ಚಾಗಿತ್ತೆಂಬುದನ್ನು ನೋಡಿದಾಗ, ಚತುರರ ಪಕ್ಷವೇ ಗೆದ್ದಿತೆಂದು ಯಾರಿಗಾದರೂ ತೋರಬಹುದು. ಇಷ್ಟರಲ್ಲಿ ಮ್ಯಾಟ್ಲಾಕನು ತಂಡವನ್ನು ಬಿಟ್ಟಿದ್ದನು. ಅವನ ಜಾಗಕ್ಕೆ, ವಾದ್ಯವನ್ನು ಸರಿಯಾಗಿ ನುಡಿಸಲು ಬಾರದ, ಆದರೆ ನೋಡಲು ಪಿಸ್ಟಲ್ಸ್ ತಂಡದವನೆಂದರೆ ಹೀಗಿರಬೇಕೆನ್ನುವಂತಿದ್ದ ಸಿಡ್ ವಿಷಸ್ ಬಂದನು. ರಾಗಕಟ್ಟುವುದರಲ್ಲಿ ನಿಪುಣನಾದವನು ಹೋಗಿ ವೇಷಕ್ಕೆ ಒಪ್ಪುವವನು ಬಂದ ಈ ಬದಲಾವಣೆಯೇ, ನನ್ನ ಎಣಿಕೆಯಲ್ಲಿ, ಆ ತಂಡ ಅನುಭವಿಸಿದ ಅತ್ಯಂತ ದೊಡ್ಡ ವ್ಯಾಪಾರನಷ್ಟ. ಅನಂತರ ಅವರು ಕಟ್ಟಿದ ಹೊಸ ಹಾಡುಗಳು ಎರಡು ಮೂರಕ್ಕಿಂತ ಹೆಚ್ಚಿಲ್ಲ.

ಮೇ ತಿಂಗಳಲ್ಲಿ ತಂಡವನ್ನು ಕೈಹಿಡಿದವರು ರಿಚರ್ಡ್ ಬ್ರ್ಯಾನ್ಸನ್ನರ ವರ್ಜಿನ್ ಸಂಸ್ಥೆಯವರು. ಆಗ ಅದು ಸಣ್ಣ ಸಂಸ್ಥೆ. ಆಸ್ಪತ್ರೆಗೆ ಯಂತ್ರ ಮಾರುತ್ತಿರಲಿಲ್ಲ, ಕೈಬಿಟ್ಟರೆ ಕುಸಿಯುವ ಮರ್ಯಾದೆಯ ಗೋಪುರವೂ ಅದಕ್ಕಿರಲಿಲ್ಲ. 1973ರಲ್ಲಿ ಮೈಕ್ ಓಲ್ಡ್‌ಫೀಲ್ಡನ ‘ಟ್ಯೂಬ್ಯುಲರ್ ಬೆಲ್ಸ್’ನಿಂದ ಬಂದ ಹಣ ಕರಗುತ್ತಿತ್ತು, ಹಳೆಯ ಹಿಪ್ಪಿಗಳ ಅಂಗಡಿಯೆಂಬ ಹೆಸರು ಅಂಟಿಕೊಂಡಿತ್ತು, ಹೊಸ ಗಾಳಿ ಅದಕ್ಕೆ ಬೇಕೇ ಆಗಿತ್ತು. ಮೇ 27ರಂದು, ರಾಣಿ ಎಲಿಜಬೆತ್ತರು ಸಿಂಹಾಸನವೇರಿದ ಇಪ್ಪತ್ತೈದನೆಯ ವರ್ಷದ ಉತ್ಸವಕ್ಕೆ ಬೀದಿಬೀದಿಗಳಲ್ಲಿ ತೋರಣ ಕಟ್ಟುತ್ತಿದ್ದ ದಿನಗಳಲ್ಲಿ, ‘ಗಾಡ್ ಸೇವ್ ದಿ ಕ್ವೀನ್’ ಹೊರಬಂತು. ಲಕೋಟೆಯ ಮೇಲೆ, ರಾಣಿಯ ಭಾವಚಿತ್ರದ ಕಣ್ಣು ಬಾಯಿಗಳನ್ನು, ಸುಲಿಗೆಕಾರರು ಪತ್ರಿಕೆಯಿಂದ ಕತ್ತರಿಸಿ ಜೋಡಿಸಿದಂಥ ಅಕ್ಷರಗಳಿಂದ ಮುಚ್ಚಿದ ಜೇಮೀ ರೀಡನ ವಿನ್ಯಾಸ. ಬಿ.ಬಿ.ಸಿ. ಅದನ್ನು ಹಾಕಲು ನಿರಾಕರಿಸಿತು. ಖಾಸಗಿ ರೇಡಿಯೋಗಳ ಮೇಲ್ವಿಚಾರಣಾ ಮಂಡಲಿಯೂ ನಿಷೇಧಿಸಿತು. ವೂಲ್‌ವರ್ತ್, ಬೂಟ್ಸ್, ಡಬ್ಲ್ಯು.ಎಚ್. ಸ್ಮಿತ್ ಮೊದಲಾದ ಊರೂರಿಗೂ ಶಾಖೆಯಿದ್ದ ಅಂಗಡಿಗಳು ದಾಸ್ತಾನಿಡಲಿಲ್ಲ. ರೇಡಿಯೋ ಇಲ್ಲ, ದೊಡ್ಡ ಅಂಗಡಿಯಿಲ್ಲ, ಜಾಹೀರಾತಿಗೆ ಎಡೆಯಿಲ್ಲ; ಹೀಗಿದ್ದೂ ಆ ತಟ್ಟೆ ಉತ್ಸವದ ವಾರದ ಅಧಿಕೃತ ಪಟ್ಟಿಯಲ್ಲಿ ಎರಡನೆಯದಾಗಿ ನಿಂತಿತು.

ಆ ಎರಡನೆಯ ಸ್ಥಾನದ ಬಗ್ಗೆ ಇಂದಿಗೂ ಜಗಳವಿದೆ. ಮೊದಲ ಸ್ಥಾನದಲ್ಲಿದ್ದುದು ರಾಡ್ ಸ್ಟೂವರ್ಟನ ಮೃದುವಾದ ಪ್ರೇಮಗೀತೆ. ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದುದು ಬ್ರಿಟಿಷ್ ಮಾರ್ಕೆಟ್ ರಿಸರ್ಚ್ ಬ್ಯೂರೋ. ಆಯ್ದ ಕೆಲವು ನೂರು ಅಂಗಡಿಗಳವರು ದಿನದಿನದ ಮಾರಾಟವನ್ನು ಪುಸ್ತಕದಲ್ಲಿ ಬರೆದು ವಾರಕ್ಕೊಮ್ಮೆ ಕಳುಹಿಸುವರು, ಅದನ್ನು ಕೂಡಿ ಲೆಕ್ಕಹಾಕುವರು. ಆ ಒಂದು ವಾರ ಮಾತ್ರ, ತಟ್ಟೆ ತಯಾರಿಸುವ ಸಂಸ್ಥೆಗಳಿಗೆ ಸೇರಿದ ಅಂಗಡಿಗಳ ಲೆಕ್ಕವನ್ನು — ಎಂದರೆ ವರ್ಜಿನ್ ಅಂಗಡಿಗಳ ಲೆಕ್ಕವನ್ನು — ಬಿಡಬೇಕೆಂದು ಸೂಚನೆ ಹೋಗಿತ್ತೆಂಬ ಆರೋಪವಿದೆ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪಟ್ಟಿಯಲ್ಲಿ ಅದೇ ತಟ್ಟೆ ಮೊದಲನೆಯದಾಗಿತ್ತು. ಅಂಗಡಿಯೊಂದರ ಗೋಡೆಯ ಪಟ್ಟಿಯಲ್ಲಿ ಆ ಹಾಡಿಗೆ ಸಲ್ಲಬೇಕಾದ ಸ್ಥಾನದೆದುರು ಹೆಸರನ್ನೇ ಬರೆಯದೆ ಖಾಲಿ ಬಿಟ್ಟಿದ್ದರು; ಅದನ್ನು ಕಂಡ ಹುಡುಗನಿಗೆ ಏನನ್ನು ಕೊಳ್ಳಬೇಕೆಂದು ಅದಕ್ಕಿಂತ ಚೆನ್ನಾಗಿ ಹೇಳಿಕೊಡುವ ಜಾಹೀರಾತು ಯಾವುದಿದ್ದೀತು! ಇದರ ಇನ್ನೊಂದು ಮುಖ ಇಷ್ಟು ವಿನೋದದ್ದಲ್ಲ. ಜೂನ್ 7ರಂದು ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ಹಾಡುತ್ತಿದ್ದಾಗ ಪೊಲೀಸರು ದಡಕ್ಕೆಳೆದು ಮ್ಯಾಕ್ಲಾರೆನನೂ ಸೇರಿದಂತೆ ಹಲವರನ್ನು ಹಿಡಿದುಕೊಂಡು ಹೋದರು. ಕೆಲವೇ ದಿನಗಳಲ್ಲಿ ಲೈಡನನ ಮೇಲೆ ಚೂರಿಯಿಂದಲೂ ಕುಕ್‌ನ ಮೇಲೆ ಕಬ್ಬಿಣದ ಸಲಾಕೆಯಿಂದಲೂ ಬೀದಿಯಲ್ಲಿ ಹಲ್ಲೆಯಾಯಿತು. ಲಕೋಟೆಗೆ ವಿನ್ಯಾಸ ಮಾಡಿದ ರೀಡನೂ ಪೆಟ್ಟು ತಿಂದನು. ಯಾವ ಸಂಸ್ಥೆಯ ಲೆಕ್ಕಪತ್ರದಲ್ಲಿಯೂ ಈ ಖರ್ಚು ಬಿದ್ದಿಲ್ಲ.

ಆಗಸ್ಟಿನ ವೇಳೆಗೆ ತಂಡದ ಸ್ಥಿತಿ ಇಲ್ಲಿಗೆ ಬಂದಿತ್ತು: ದೇಶದಲ್ಲಿ ಅವರಷ್ಟು ಹೆಸರುವಾಸಿಯಾದ ಹಾಡುಗಾರರು ಇನ್ನೊಬ್ಬರಿಲ್ಲ, ಆದರೆ ಆ ಹೆಸರನ್ನು ಹೇಳಿದರೆ ಹಾಡಲು ಸ್ಥಳವಿಲ್ಲ. ಅದಕ್ಕಾಗಿ ಅವರು ಗುಟ್ಟಾಗಿ ಸಂಚಾರ ಹೊರಟರು. ವುಲ್ವರ್‌ಹ್ಯಾಂಪ್ಟನ್, ಡಾಂಕ್ಯಾಸ್ಟರ್, ಸ್ಕಾರ್ಬರೋ, ಪೆನ್ಜಾನ್ಸ್ ಮೊದಲಾದ ಕಡೆ ‘ದಿ ಟ್ಯಾಕ್ಸ್ ಎಕ್ಸೈಲ್ಸ್’ ಎಂದೋ ‘ದಿ ಹ್ಯಾಮ್‌ಸ್ಟರ್ಸ್’ ಎಂದೋ ಸುಳ್ಳು ಹೆಸರಿನಲ್ಲಿ ಕಚೇರಿ ಗೊತ್ತುಮಾಡಿ, ಕಿವಿಯಿಂದ ಕಿವಿಗೆ ಸುದ್ದಿ ಹಬ್ಬಿ ಬಂದ ಹುಡುಗರ ಮುಂದೆ ಹಾಡಿದರು. ಹೆಸರಿನಿಂದಲೇ ಬದುಕುವ ಕಸುಬಿನಲ್ಲಿ ಹೆಸರನ್ನು ಅಡಗಿಸಿಕೊಂಡು ದುಡಿಯಬೇಕಾದ ಈ ಅವಸ್ಥೆಯನ್ನು ಯಾವ ಚತುರನೂ ಲಾಭದ ಬದಿಗೆ ಬರೆಯಲಾರನು. ಆ ವರ್ಷದ ಕ್ರಿಸ್ಮಸ್ ದಿನ ಹಡರ್ಸ್‌ಫೀಲ್ಡಿನಲ್ಲಿ, ಮುಷ್ಕರದಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯ ಮಕ್ಕಳಿಗಾಗಿ ಮಧ್ಯಾಹ್ನ ಹಣವಿಲ್ಲದೆ ಹಾಡಿದರು. ಮಕ್ಕಳಿಗೆ ತಿಂಡಿ ಹಂಚಿದರು. ದೊಡ್ಡದೊಂದು ಕೇಕು ಬಂತು. ಮಕ್ಕಳು ಅದನ್ನು ಲೈಡನನ ಮುಖಕ್ಕೂ ಮೈಗೂ ಎಸೆದರು. ದೇಶವನ್ನೇ ನಡುಗಿಸಿದನೆನ್ನಿಸಿಕೊಂಡವನು ನಗುತ್ತ ಕೇಕು ಬಳಿದುಕೊಂಡು ಹಾಡನ್ನು ಮುಂದುವರಿಸಿದನು. ಅಂದಿನ ಕಚೇರಿಗಳೇ ಆ ಕಾಲದ ತಂಡ ಸ್ವದೇಶದಲ್ಲಿ ಮಾಡಿದ ಕೊನೆಯ ಕಚೇರಿಗಳು.

ಅಷ್ಟರೊಳಗೆ ಅಕ್ಟೋಬರ್ ಕೊನೆಯಲ್ಲಿ ಅವರ ಒಂದೇ ಒಂದು ದೊಡ್ಡ ತಟ್ಟೆ, ‘ನೆವರ್ ಮೈಂಡ್ ದಿ ಬಾಲಕ್ಸ್’, ಹೊರಬಂದು ನೇರವಾಗಿ ಪಟ್ಟಿಯ ತುದಿಗೇರಿತ್ತು. ಹೆಸರಿನಲ್ಲಿರುವ ಪದ ಅಶ್ಲೀಲವೆಂದು ನಾಟಿಂಗ್‌ಹ್ಯಾಮಿನ ವರ್ಜಿನ್ ಅಂಗಡಿಯ ವ್ಯವಸ್ಥಾಪಕನ ಮೇಲೆ 1889ರ ಒಂದು ಕಾಯಿದೆಯ ಮೇರೆಗೆ ಮೊಕದ್ದಮೆ ಹೂಡಿದರು. ಹೆಸರಾಂತ ನ್ಯಾಯವಾದಿಯೂ ಸಾಹಿತಿಯೂ ಆಗಿದ್ದ ಜಾನ್ ಮಾರ್ಟಿಮರರು ವಾದಿಸಿ, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರಿಂದ ಸಾಕ್ಷ್ಯ ಹೇಳಿಸಿ, ನವೆಂಬರ್ 24ರಂದು ಗೆದ್ದರು. ನ್ಯಾಯಾಧಿಪತಿಗಳು ಮನಸ್ಸಿಲ್ಲದ ಮನಸ್ಸಿನಿಂದ ಆರೋಪಿಯನ್ನು ಬಿಟ್ಟರು. ಕಿಟಕಿಯಲ್ಲಿ ಲಕೋಟೆಗಳು ಮತ್ತೆ ತೂಗಿದುವು.

ಅಮೆರಿಕದಲ್ಲಿ ಮಾತ್ರ ಲೆಕ್ಕ ತಪ್ಪಿತು. ಅಲ್ಲಿಯ ಜನರು ಗ್ರಂಡಿಯವರನ್ನು ಬಲ್ಲವರಲ್ಲ, ಇಂಗ್ಲೆಂಡಿನ ರಾಣಿಯ ಉತ್ಸವ ಅವರ ಉತ್ಸವವಲ್ಲ. ಕೆಣಕುವುದಕ್ಕೆ ಕೆಣಕಿಸಿಕೊಳ್ಳುವವರ ಸಹಕಾರ ಬೇಕು, ಅದು ಅಲ್ಲಿ ದೊರೆಯಲಿಲ್ಲ. ಹಳೆಯ ಪೊಲೀಸ್ ದಾಖಲೆಗಳ ಕಾರಣದಿಂದ ವೀಸಾ ತಡವಾಗಿ ಮೊದಲ ಕೆಲವು ಕಚೇರಿಗಳು ಬಿಟ್ಟುಹೋದುವು. ಉಳಿದುವನ್ನು ಮ್ಯಾಕ್ಲಾರೆನ್ ನ್ಯೂಯಾರ್ಕ್, ಲಾಸ್ ಏಂಜಲೀಸುಗಳನ್ನು ಬಿಟ್ಟು, ಗಲಾಟೆಯಾಗಲೆಂದೇ ದಕ್ಷಿಣ ಸೀಮೆಯ ನೃತ್ಯಶಾಲೆಗಳಲ್ಲಿ ಏರ್ಪಡಿಸಿದ್ದನು. ಗಲಾಟೆಯೇನೋ ಆಯಿತು. 1978ರ ಜನವರಿ 14ರಂದು ಸ್ಯಾನ್‌ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡಿನಲ್ಲಿ ಹಾಡಿ ಮುಗಿಸಿದ ಮೇಲೆ ತಂಡವೇ ಒಡೆಯಿತು. ಇಂಗ್ಲೆಂಡಿನಲ್ಲಿ ಮೊದಲನೆಯದಾಗಿದ್ದ ತಟ್ಟೆ ಅಮೆರಿಕದ ಪಟ್ಟಿಯಲ್ಲಿ 106ಕ್ಕಿಂತ ಮೇಲೇರಲಿಲ್ಲ. ಅದೇ 1977ರಲ್ಲಿ ಹೊರಬಂದ ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’ ಅಲ್ಲಿ ಒಟ್ಟು 31 ವಾರ ಮೊದಲ ಸ್ಥಾನದಲ್ಲಿದ್ದಿತು. ಆ ತಂಡದ ದಂಪತಿಗಳ ಮನೆಜಗಳವೇನೂ ಸಣ್ಣದಾಗಿರಲಿಲ್ಲ. ಆದರೆ ಹಾಡುಗಳು ರೇಡಿಯೋದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬರುತ್ತಿದ್ದುವು, ಕ್ರೀಡಾಂಗಣಗಳ ಬಾಗಿಲುಗಳೆಲ್ಲ ತೆರೆದಿದ್ದುವು. ಕೋಟಿಗಟ್ಟಲೆ ಮಾರಬೇಕಾದರೆ ಹೆಬ್ಬಾಗಿಲುಗಳು ತೆರೆದಿರಬೇಕು; ಲಕ್ಷದ ಲೆಕ್ಕದಲ್ಲಿ ಮಾರಲು ಕಿಟಕಿಯೊಂದು ಸಾಕು. ಪಿಸ್ಟಲ್ಸ್ ತಂಡದ್ದು ಕಿಟಕಿಯ ವ್ಯಾಪಾರ.

ಇನ್ನು, ಆ ಲಕ್ಷಗಳು ಯಾರಿಗೆ ಸೇರಿದುವು? ಹಣವೆಲ್ಲ ಮ್ಯಾಕ್ಲಾರೆನನ ಗ್ಲಿಟರ್‌ಬೆಸ್ಟ್ ಎಂಬ ಸಂಸ್ಥೆಗೆ ಬರುತ್ತಿತ್ತು. ಅಲ್ಲಿಂದ ಬಹುಪಾಲು ಅವನು ಹಟಹಿಡಿದು ತೆಗೆಯುತ್ತಿದ್ದ ಒಂದು ಚಲನಚಿತ್ರಕ್ಕೆ ಹರಿದುಹೋಗುತ್ತಿತ್ತು. 1980ರಲ್ಲಿ ಬಂದ ಆ ಚಿತ್ರದ ವಸ್ತುವೇ, ಈ ತಂಡದ ಕಥೆಯೆಲ್ಲ ಮ್ಯಾಕ್ಲಾರೆನ್ ದೊಡ್ಡ ಸಂಸ್ಥೆಗಳಿಗೆ ಹಾಕಿದ ಟೋಪಿಯೆಂಬುದು. ಟೋಪಿ ಹಾಕಿಸಿಕೊಂಡವರು ಯಾರೆಂಬುದನ್ನು ನ್ಯಾಯಾಲಯ ಬೇರೆ ರೀತಿಯಾಗಿ ಕಂಡಿತು. ಲೈಡನ್ ಹೂಡಿದ ದಾವೆಯ ಮೇಲೆ 1979ರಲ್ಲಿ ಸಂಸ್ಥೆಯನ್ನು ರಿಸೀವರನ ವಶಕ್ಕೆ ಕೊಡಲಾಯಿತು. ವ್ಯಾಜ್ಯ ಏಳು ವರ್ಷ ಎಳೆದಾಡಿ 1986ರ ಜನವರಿಯಲ್ಲಿ ರಾಜಿಯಾಗಿ, ಹಾಡಿನ ಹಕ್ಕುಗಳೂ ಉಳಿದ ಹಣವೂ ತಂಡದವರಿಗೂ ಸಿಡ್ ವಿಷಸ್‌ನ ತಾಯಿಗೂ ಸೇರಿದುವು. ಸಿಡ್ ವಿಷಸ್ ಆ ವೇಳೆಗೆ ಬದುಕಿರಲಿಲ್ಲ. ಪ್ರಿಯತಮೆಯ ಕೊಲೆಯ ಆರೋಪವನ್ನು ಹೊತ್ತು ಜಾಮೀನಿನ ಮೇಲೆ ಹೊರಬಂದವನು, 1979ರ ಫೆಬ್ರವರಿ 2ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಾದಕದ್ರವ್ಯದಿಂದ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದನು. ವೇಷಕ್ಕಾಗಿ ತಂಡಕ್ಕೆ ಬಂದವನು ವೇಷವನ್ನು ಕಳಚಲು ಕಲಿಯಲಿಲ್ಲ; ಅವನಿಗೆ ಕಲಿಸಬೇಕಾದವರು ಅವನ ಚಿತ್ರವನ್ನು ಬನಿಯನುಗಳ ಮೇಲೆ ಅಚ್ಚುಹಾಕುತ್ತಿದ್ದರು.

ಪಿಸ್ಟಲ್ಸ್ ಹುಡುಗರು ಸೌಮ್ಯರಾಗಿದ್ದಿದ್ದರೆ ಹೆಚ್ಚು ಗಳಿಸುತ್ತಿದ್ದರೆ? ಈ ಪ್ರಶ್ನೆ ಕೇಳುವವರು, ಆ ಹಾಡುಗಳು ಸೌಮ್ಯರಿಂದ ಹುಟ್ಟುವಂಥವಲ್ಲವೆಂಬುದನ್ನು ಮರೆಯುತ್ತಾರೆ. ಲೈಡನನ ಕೋಪ ಅಂಗಡಿಯಲ್ಲಿ ಹೊಲಿದದ್ದಲ್ಲ. ಆದರೆ ಕೋಪವೇ ಬೇರೆ, ಅದರ ಸುತ್ತ ಕಟ್ಟಿದ ಪ್ರದರ್ಶನವೇ ಬೇರೆ. ಮೊದಲನೆಯದು ತಟ್ಟೆಯನ್ನು ಮಾರಿತು, ಎರಡನೆಯದು ತಂಡವನ್ನು ಎರಡೂವರೆ ವರ್ಷ ತುಂಬುವ ಮೊದಲೇ ಮುಗಿಸಿತು. ಮೊದಲನೆಯದಕ್ಕೆ ಸಾಕ್ಷಿಯೆಂದರೆ, ಗಲಾಟೆಯ ನೆನಪು ಮಾಸಿದ ಮೇಲೂ ತಟ್ಟೆ ಮಾರಾಟವಾಗುತ್ತಲೇ ಇದ್ದುದು: ಅಮೆರಿಕದಲ್ಲಿ 106ನೆಯದಾಗಿ ನಿಂತುಹೋಗಿದ್ದುದು 1987ರಲ್ಲಿ ಐದು ಲಕ್ಷ ಪ್ರತಿಗಳ ಚಿನ್ನದ ಬಿರುದನ್ನೂ, 1992ರಲ್ಲಿ ಹತ್ತು ಲಕ್ಷದ ಪ್ಲಾಟಿನಮ್ ಬಿರುದನ್ನೂ ಪಡೆಯಿತು. ಆ 1992ರಲ್ಲಿಯೇ ಇ.ಎಂ.ಐ.ಯವರು ವರ್ಜಿನ್ ತಟ್ಟೆಯ ಸಂಸ್ಥೆಯನ್ನು ಸುಮಾರು 50 ಕೋಟಿ ಪೌಂಡು ಕೊಟ್ಟು ಕೊಂಡರು; ಹದಿನೈದು ವರ್ಷಗಳ ಹಿಂದೆ ಹಣ ಕೊಟ್ಟು ಹೊರಗಟ್ಟಿದ್ದ ಹಾಡುಗಳು, ತಮ್ಮ ಹೆಸರನ್ನೇ ತಲೆಬರಹವಾಗುಳ್ಳ ಒಂದು ಬೈಗುಳದ ಹಾಡೂ ಸೇರಿದಂತೆ, ಹಣ ಕೊಟ್ಟೇ ಮನೆಗೆ ಬಂದುವು.

1996ರಲ್ಲಿ ನಾಲ್ವರು ಮೂಲ ಸದಸ್ಯರು, ಮ್ಯಾಟ್ಲಾಕನೂ ಸೇರಿ, ಮತ್ತೆ ಒಂದುಗೂಡಿ ಲೋಕಸಂಚಾರ ಹೊರಟರು. ಹಣಕ್ಕಾಗಿಯೇ ಬಂದಿದ್ದೇವೆಂದು ಪತ್ರಕರ್ತರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಈ ಸಲ ಯಾವ ಪುರಸಭೆಯೂ ಮುಂಚಿತವಾಗಿ ಹಾಡಿ ತೋರಿಸಲು ಕೇಳಲಿಲ್ಲ. ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಸಾವಿರಾರು ಜನ ಚೀಟಿ ಕೊಂಡು ಬಂದರು. ಹೊಟ್ಟೆ ಬಂದ ನಲವತ್ತರ ಗಂಡಸರಿಗೆ ತಮ್ಮ ಕಚೇರಿಯ ಸಂಭಾವನೆ ತಮ್ಮ ಕೈಗೇ ಬಂದದ್ದು ಆಗ. 2015ರಲ್ಲಿ ಬ್ರ್ಯಾನ್ಸನ್ನರ ಹೆಸರಿನ ಬ್ಯಾಂಕಾದ ವರ್ಜಿನ್ ಮನಿ ತನ್ನ ಕ್ರೆಡಿಟ್ ಕಾರ್ಡುಗಳ ಮೇಲೆ ‘ಅನಾರ್ಕಿ ಇನ್ ದಿ ಯು.ಕೆ.’ ಮತ್ತು ‘ನೆವರ್ ಮೈಂಡ್ ದಿ ಬಾಲಕ್ಸ್’ ತಟ್ಟೆಗಳ ಚಿತ್ರಗಳನ್ನು ಅಚ್ಚುಹಾಕಿ ಗಿರಾಕಿಗಳಿಗೆ ಕೊಟ್ಟಿತು.